ಮೂವತ್ತಾರನೇ ಸುತ್ತಿನ ಬೂದ

ಜೂನ್ ತಿಂಗಳು ಬಂತೆಂದರೆ ಟೊರಾಂಟೊ ಏರ್‌ಪೋರ್ಟಿನ ಪಕ್ಕದ ಮಾಲ್ಟನ್ನಿನ ಅಂಗಾರ ಮನುಷ್ಯರ ಲೆಕ್ಕದಲ್ಲಿ ಇರುತ್ತಿರಲಿಲ್ಲ. ಕೂತಲ್ಲಿ ಕೂರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ. ಅಂಡು ಸುಟ್ಟ ಬೆಕ್ಕಿನ ಹಾಗೆ ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಹಿತ್ತಲಿಗೆ ತಿರುಗುತ್ತಿದ್ದ. ಊಟಕ್ಕೆ ಕೂತರೆ ಮೇಜಿನ ಕೆಳಗೆ ಬಲಗಾಲು ಅದರಷ್ಟಕ್ಕೆ ಕುಣಿಯುತ್ತಿತ್ತು. "ಕಾಲು ಅಲ್ಲಾಡಿಸ್ಬೇಡ್ರೀ, ಮನೆಗೆ ದರಿದ್ರ," ಎಂದು ಹೆಂಡತಿ ಸುಜಾತಾ ಮದುವೆಯಾದಂದಿನಿಂದ ಹೇಳುತ್ತಲೇ ಇದ್ದಳು. ದರಿದ್ರವೂ ಬರಲಿಲ್ಲ, ಕಾಲೂ ನಿಲ್ಲಲಿಲ್ಲ.

ಇದಕ್ಕೆಲ್ಲ ಕಾರಣ ಬೇಸ್‌ಬಾಲ್. ಆಟ ಕೂಡ ಅಲ್ಲ, ಆಟಕ್ಕೆ ಜನ ಹೆಕ್ಕುವ ಕೆಲಸ. ದೊಡ್ಡ ಲೀಗಿನ ಮೂವತ್ತು ತಂಡಗಳು ಪ್ರತಿ ಜೂನ್‌ನಲ್ಲಿ ಮೂರು ದಿನ ಕೂತು, ಹೈಸ್ಕೂಲು ಕಾಲೇಜುಗಳಲ್ಲಿ ಆಡುವ ಹುಡುಗರನ್ನು ಸರದಿಯ ಪ್ರಕಾರ ಒಬ್ಬೊಬ್ಬರನ್ನಾಗಿ ತೆಗೆದುಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟು ಎಂದು ಹೆಸರು. ಒಟ್ಟು ನಲವತ್ತು ಸುತ್ತು. ಮೊದಲ ದಿನದ್ದು ಟೀವಿಯಲ್ಲಿ ಬರುತ್ತದೆ: ಹೊಸ ಕೋಟು ಹಾಕಿದ ಹುಡುಗ, ಕಣ್ಣೊರೆಸಿಕೊಳ್ಳುವ ತಾಯಿ, ಕೈಕುಲುಕುವ ದೊಡ್ಡ ಮನುಷ್ಯರು. ಮೂರನೆಯ ದಿನಕ್ಕೆ ಕ್ಯಾಮೆರಾ ಇಲ್ಲ, ಕೋಟಿಲ್ಲ, ತಾಯಿಯೂ ಇಲ್ಲ. ಬರೀ ಟೆಲಿಫೋನಿನ ದನಿಗಳು. ಹನ್ನೊಂದರಿಂದ ನಲವತ್ತರವರೆಗಿನ ಸುತ್ತುಗಳ ಸುಮಾರು ಒಂಬೈನೂರು ಹೆಸರುಗಳನ್ನು ಒಂದೇ ಮಧ್ಯಾಹ್ನದಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಊರುಗಳ ಹೆಸರು ಕೂಗುವ ಕಂಡಕ್ಟರನಂತೆ ಓದಿ ಮುಗಿಸುತ್ತಾರೆ. ಅಂಗಾರನಿಗೆ ಬೇಕಾದದ್ದು ಈ ಮೂರನೆಯ ದಿನ. ಅದಕ್ಕಾಗಿ ಏರ್‌ಪೋರ್ಟಿನಲ್ಲಿ ಎರಡು ತಿಂಗಳು ಮೊದಲೇ ಯಾರ್ಯಾರದೋ ಕಾಲು ಹಿಡಿದು ಶಿಫ್ಟು ಬದಲಾಯಿಸಿಕೊಳ್ಳುತ್ತಿದ್ದ.

ಅವನ ಕೆಲಸ ವಿಮಾನದ ಹೊಟ್ಟೆಗೆ ಬ್ಯಾಗು ತುಂಬುವುದು, ಹೊಟ್ಟೆಯಿಂದ ಬ್ಯಾಗು ಇಳಿಸುವುದು, ಎರಡು ಕೈಯಲ್ಲಿ ಕಿತ್ತಳೆ ಬಣ್ಣದ ಕೋಲು ಹಿಡಿದು ವಿಮಾನಕ್ಕೆ ದಾರಿ ತೋರಿಸುವುದು. ಮೊದಲು ಮಂಗಳೂರಿನ ಬಜಪೆಯಲ್ಲಿ, ಆಮೇಲೆ ಶಾರ್ಜಾದಲ್ಲಿ, ಈಗ ಇಲ್ಲಿ. ಶಾರ್ಜಾದಲ್ಲಿ ನರ್ಸಾಗಿದ್ದ ಸಕಲೇಶಪುರದ ಸುಜಾತಾಳನ್ನು ಮದುವೆಯಾಗಿ, ಅವಳ ಕೈಹಿಡಿದು ಕೆನಡಾಕ್ಕೆ ಬಂದವನು. ಅವಳಿಗೆ ತುಳು ಬಾರದು, ಹಾಗಾಗಿ ಮನೆಯಲ್ಲಿ ಕನ್ನಡ. ಇಲ್ಲೇ ಹುಟ್ಟಿದ ಮಗಳು ಇಂಚರಾ ಅದನ್ನು ಚೆನ್ನಾಗಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು.

ಟೊರಾಂಟೊದ ಜೇಸ್ ತಂಡಕ್ಕೆ ಅಭಿಮಾನಿಗಳ ಬರ ಇರಲಿಲ್ಲ. 2015ರಲ್ಲಿ ಇಪ್ಪತ್ತೆರಡು ವರ್ಷಗಳ ನಂತರ ತಂಡ ಕಡೆಯ ಹಂತದ ಪಂದ್ಯಗಳಿಗೆ ಏರಿದ್ದೇ ತಡ, ಬ್ಯಾಟಿನ ಹಿಡಿ ಯಾವುದು ತುದಿ ಯಾವುದು ಎಂದು ತಿಳಿಯದವರೂ ನೀಲಿ ಟೋಪಿ ಏರಿಸಿಕೊಂಡಿದ್ದರು. ಅವರಲ್ಲಿ ಅಂಗಾರನ ಜೊತೆಗೆ ಬ್ಯಾಗಿನ ಗಾಡಿ ಓಡಿಸುವ ವಿಜಯಪುರದ ರೇವಣಸಿದ್ದಪ್ಪನೂ ಒಬ್ಬ.

"ಅಲ್ಲೋ ಅಂಗಾರಾ, ಟೀವ್ಯಾಗ ಅಂಥಾ ಅಂಥಾ ಗಂಡುಗಲಿಗಳು ಬಡದು ಹೊರಗ ಒಗ್ಯಾಕತ್ತಾರ," ಎಂದು ಅವನು ಕ್ಯಾಂಟೀನಿನಲ್ಲಿ ಕಾಲೆಳೆಯುತ್ತಿದ್ದ. "ನೀ ನೋಡಿದ್ರ ಹೆಸರಿಲ್ಲ ದೆಸಿ ಇಲ್ಲ, ಯಾವನೋ ಹುಡುಗನ ಜಾತಕ ಹಿಡ್ಕೊಂಡು ಕುಂತೀಯಲ್ಲಪಾ."

"ಅವರನ್ನು ನೋಡ್ಲಿಕ್ಕೆ ಐವತ್ತು ಸಾವಿರ ಜನ ಉಂಟು ಮಾರಾಯ," ಎನ್ನುತ್ತಿದ್ದ ಅಂಗಾರ. "ಇವನನ್ನು ನೋಡ್ಲಿಕ್ಕೆ ಯಾರುಂಟು?"

ಈ ಮಾತಿನ ಬೇರು ಮಾಲ್ಟನ್ನಿನಲ್ಲಿರಲಿಲ್ಲ, ಪುತ್ತೂರಿನ ಹತ್ತಿರದ ಒಂದು ಹಳ್ಳಿಯ ಶಾಲೆಯ ಅಂಗಳದಲ್ಲಿತ್ತು. ಅಲ್ಲಿ ವಾಲಿಬಾಲ್ ಆಡುವಾಗ ಇಬ್ಬರು ನಾಯಕರು ಎದುರುಬದುರು ನಿಂತು ಹುಡುಗರನ್ನು ಒಬ್ಬೊಬ್ಬರಾಗಿ ಕರೆದುಕೊಳ್ಳುತ್ತಿದ್ದರು. ಅಂಗಾರ ಅವರೆಲ್ಲರಿಗಿಂತ ಎತ್ತರಕ್ಕೆ ನೆಗೆಯುತ್ತಿದ್ದ. ಆದರೂ ಎಲ್ಲರ ಹೆಸರು ಮುಗಿದ ಮೇಲೆ ಉಳಿಯುವವನು ಅವನೇ. "ಇವನನ್ನೂ ಇಟ್ಟುಕೋ" ಎಂದು ಒಬ್ಬ, "ನನಗೆ ಸಾಕು, ನೀನೇ ಇಟ್ಟುಕೋ" ಎಂದು ಇನ್ನೊಬ್ಬ. ಯಾಕೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅವನ ಹೆಸರೇ ಹೇಳುತ್ತಿತ್ತು.

ಅವನ ಕೇರಿಯಲ್ಲಿ ಮಕ್ಕಳಿಗೆ ಹೆಸರಿಡಲು ಪುರೋಹಿತರು ಬರುತ್ತಿರಲಿಲ್ಲ, ಪಂಚಾಂಗವೂ ಬರುತ್ತಿರಲಿಲ್ಲ. ಹುಟ್ಟಿದ ವಾರವೇ ಹೆಸರು. ಭಾನುವಾರ ಹುಟ್ಟಿದವನು ಐತ, ಮಂಗಳವಾರದವನು ಅಂಗಾರ, ಬುಧವಾರದವನು ಬೂದ, ಗುರುವಾರದವನು ಗುರುವ, ಶುಕ್ರವಾರದವನು ತುಕ್ರ, ಶನಿವಾರದವನು ತನಿಯ. ಹೀಗೆ ವಾರಕ್ಕೊಬ್ಬನಂತೆ ಕೇರಿ ತುಂಬ ಅದೇ ಏಳು ಹೆಸರು. ಆದರೆ ಆ ವಾರದ ವಿಷಯದಲ್ಲಿ ತಾಯಿ ಕೊರಪ್ಪೊಳು ಬಹಳ ಕಟ್ಟುನಿಟ್ಟು. ಅಂಗಾರನ ಅಣ್ಣ ಹುಟ್ಟಿದ್ದು ಶನಿವಾರ ಬೆಳಕು ಹರಿಯುವ ಮೊದಲು. ಅಜ್ಜಿ ತನಿಯ ಎಂದಳು. "ಕೋಳಿ ಕೂಗಿತ್ತಾ? ಕೋಳಿ ಕೂಗದೆ ವಾರ ತಿರುಗುವುದುಂಟಾ?" ಎಂದು ಬಾಣಂತಿ ಮಲಗಿದಲ್ಲಿಂದಲೇ ಜಗಳಕ್ಕೆ ಬಿದ್ದು, ಮಗನಿಗೆ ತುಕ್ರ ಎಂದೇ ಇಟ್ಟಳು. ಬೇರೇನನ್ನೂ ಕೊಡಲಾಗದ ಮೇಲೆ, ಕೊಡುವ ಒಂದು ಹೆಸರಾದರೂ ಸರಿಯಾದದ್ದೇ ಇರಲಿ ಎಂಬುದು ಅವಳ ಹಟ.

ಶಾಲೆಗೆ ಸೇರಿಸುವಾಗ ಮೇಷ್ಟ್ರು ಹುಟ್ಟಿದ ತಾರೀಕು ಕೇಳಿದರು. ಕೊರಪ್ಪೊಳುವಿಗೆ ವಾರ ಗೊತ್ತಿತ್ತು, ತಾರೀಕು ಗೊತ್ತಿರಲಿಲ್ಲ. ಮೇಷ್ಟ್ರು ಆ ವರ್ಷ ಸೇರಿದ ಅರ್ಧ ಕ್ಲಾಸಿಗೆ ಬರೆದಂತೆ ಇವನಿಗೂ ಜೂನ್ ಒಂದು, 1966 ಎಂದು ಗೀಚಿದರು. ಅದೇ ಪಾಸ್‌ಪೋರ್ಟಿಗೂ ಬಂತು.

ಇಷ್ಟು ತಿಳಿದರೆ ಅಂಗಾರನ ನೋಟ್‌ಬುಕ್ಕು ಅರ್ಥವಾಗುತ್ತದೆ. ಡ್ರಾಫ್ಟಿನ ಮೂರನೆಯ ದಿನ ಜೇಸ್ ತಂಡ ಕಡೆಯ ಹತ್ತು ಸುತ್ತುಗಳಲ್ಲಿ ತೆಗೆದುಕೊಂಡ ಹತ್ತು ಹುಡುಗರನ್ನು ಅವನು ಅದರಲ್ಲಿ ಬರೆಯುತ್ತಿದ್ದ. ಇಂಚರಾ ಇಂಟರ್ನೆಟ್ಟಿನಲ್ಲಿ ಅವರ ಹುಟ್ಟಿದ ತಾರೀಕು ಹುಡುಕಿ, ಫೋನಿನಲ್ಲಿ ವಾರ ನೋಡಿ ಹೇಳುತ್ತಿದ್ದಳು. ಟೆಕ್ಸಾಸಿನವನೊಬ್ಬ ತುಕ್ರ, ಒಹಾಯೋದವನೊಬ್ಬ ಐತ. ಹತ್ತರಲ್ಲಿ ಯಾವನು ಅಂಗಾರನೋ ಅವನೇ ಇವನ ಹುಡುಗ. ಅವನು ದೊಡ್ಡ ಅಂಗಳಕ್ಕೆ ಏರಬೇಕು. ಕಡೆಯಲ್ಲಿ ಕರೆಸಿಕೊಂಡ ಒಬ್ಬ ಅಂಗಾರ ಮೇಲೆ ಹೋಗಿ ನಿಲ್ಲುವುದನ್ನು ಒಂದು ಸಲ ಕಣ್ಣಿನಿಂದ ನೋಡಬೇಕು. ಅವನ ಆಸೆ ಇಷ್ಟೇ. ಬೇರೆಯವರಿಗೆ ಹೇಳಿದರೆ ಹುಚ್ಚು ಎಂದಾರು ಎಂಬುದು ಅವನಿಗೂ ಗೊತ್ತಿತ್ತು. 2014ರ ಅಂಗಾರ ತಂಡಕ್ಕೆ ಸಹಿ ಹಾಕದೆ ಕಾಲೇಜಿಗೆ ಹೋಗಿದ್ದ. 2015ರ ಅಂಗಾರನಿಗೆ ಎರಡೇ ತಿಂಗಳಲ್ಲಿ ಮೊಣಕೈ ಮುರಿದಿತ್ತು.

2016ರ ಮೂರನೆಯ ದಿನ ಶನಿವಾರ. ಸುಜಾತಾ ಬಂಗುಡೆ ಮೀನು ಕಾಯಿಸುತ್ತಿದ್ದಳು. ಹನ್ನೆರಡು ಗಂಟೆಗೆ ಲ್ಯಾಪ್‌ಟಾಪಿನೊಳಗಿಂದ ಹೆಸರುಗಳು ಹೊರಟವು. ಅಂಗಾರ ಬರೆಯುತ್ತಾ, ಏಳುತ್ತಾ, ಹಿತ್ತಲ ಬಾಗಿಲು ತೆಗೆದು ಮುಚ್ಚುತ್ತಾ, ಮತ್ತೆ ಕೂರುತ್ತಾ ನಲವತ್ತನೇ ಸುತ್ತಿನವರೆಗೆ ಬಂದ. ಹದಿನೇಳರ ಇಂಚರಾ ಒಂದೊಂದೇ ತಾರೀಕು ಒತ್ತಿದಳು. ಗುರುವ, ತನಿಯ, ತನಿಯ, ಐತ... ಹತ್ತೂ ಮುಗಿದವು. ಮಂಗಳವಾರದವನು ಒಬ್ಬನೂ ಇಲ್ಲ.

"ಸರಿ ನೋಡಿದ್ಯಾ?"

"ಐ ಚೆಕ್ಡ್ ಟ್ವೈಸ್, ಡ್ಯಾಡ್."

ಅಂಗಾರ ಪೆನ್ನು ಕೆಳಗಿಟ್ಟ. ಅವನ ಮುಖ ನೋಡಿ ಮಗಳಿಗೆ ಕನಿಕರವೂ ಬಂತು, ನಗುವೂ ಬಂತು. ತಮಾಷೆಗೆ ಫೋನಿನಲ್ಲಿ ಅಪ್ಪನದೇ ತಾರೀಕು ಒತ್ತಿದಳು. ಜೂನ್ ಒಂದು, 1966. "ಡ್ಯಾಡ್! ಯು ಆರ್ ಎ ವೆಡ್ನೆಸ್‌ಡೇ! ಪಾಸ್‌ಪೋರ್ಟ್ ಪ್ರಕಾರ ಯು ಆರ್ ಬೂದ!"

ಸುಜಾತಾ ಸೌಟು ಹಿಡಿದುಕೊಂಡೇ ನಕ್ಕಳು. ಅಂಗಾರನೂ ನಕ್ಕ. ಮೇಷ್ಟ್ರು ಗೀಚಿದ ಕಾಗದ ನಲವತ್ತು ವರ್ಷಕ್ಕೂ ಮಿಕ್ಕಿ ಅವನ ಜೊತೆಗೇ ಬಂದಿದೆ, ಅದಕ್ಕೂ ಒಂದು ಮರ್ಯಾದೆ ಬೇಡವೇ? ಹತ್ತರಲ್ಲಿ ಬುಧವಾರದವನು ಒಬ್ಬನಿದ್ದ. ಮೂವತ್ತಾರನೇ ಸುತ್ತು, ಡ್ವೇನ್ ಹ್ಯಾರಿಗನ್, ನೆಬ್ರಾಸ್ಕದ ಯಾರೂ ಕೇಳದ ಕಾಲೇಜಿನ ಎಡಗೈ ಪಿಚ್ಚರ್, ಅಂದರೆ ಚೆಂಡು ಎಸೆಯುವವನು. ಹುಟ್ಟಿದ್ದು 1994ರ ಫೆಬ್ರವರಿ ಒಂಬತ್ತು. ಅಂಗಾರ ಆ ಹೆಸರಿನ ಮುಂದೆ 'ಬೂದ' ಎಂದು ಬರೆದು ಸುತ್ತ ಒಂದು ಗೆರೆ ಎಳೆದ. ಮನಸ್ಸು ಪೂರ್ತಿ ಒಪ್ಪಿರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಎಂದುಕೊಂಡ.

ಬೂದ ಎರಡು ವಾರದಲ್ಲಿ ಸಹಿ ಹಾಕಿದ. ಅಲ್ಲಿಂದ ಮೂರು ವರ್ಷ ಅಂಗಾರನಿಗೆ ನೆಮ್ಮದಿ ಎಂಬುದಿರಲಿಲ್ಲ.

ಬೇಸ್‌ಬಾಲಿನಲ್ಲಿ ಡ್ರಾಫ್ಟಾದವನು ನೇರವಾಗಿ ಟೀವಿಯಲ್ಲಿ ಕಾಣಿಸುವುದಿಲ್ಲ. ಕೆಳಗಿನ ಊರುಗಳ ಸಣ್ಣ ತಂಡಗಳಲ್ಲಿ ಒಂದೊಂದೇ ಮೆಟ್ಟಿಲು ಹತ್ತಬೇಕು. ಮೆಟ್ಟಿಲು ಐದೋ ಆರೋ, ಪ್ರತಿ ಮೆಟ್ಟಿಲಿನಲ್ಲೂ ಅರ್ಧ ಜನ ಮನೆಗೆ. ಬೂದ ಮೊದಲು ವೆಸ್ಟ್ ವರ್ಜೀನಿಯದ ಗುಡ್ಡದ ಊರಿನಲ್ಲಿದ್ದ, ಮರುವರ್ಷ ವ್ಯಾಂಕೂವರಿಗೆ ಬಂದ, ಅದರಾಚೆ ವರ್ಷ ಫ್ಲಾರಿಡಾಕ್ಕೆ ಹೋದ. ಅವನ ಆಟ ಎಲ್ಲೂ ತೋರಿಸುತ್ತಿರಲಿಲ್ಲ. ಅಂಗಾರನಿಗೆ ಸಿಗುತ್ತಿದ್ದದ್ದು ಫೋನಿನ ಮೇಲೆ ಒಂದು ಸಾಲು ಅಂಕಿಗಳು: ಇಷ್ಟು ಎಸೆದ, ಇಷ್ಟು ಹೊಡೆಸಿಕೊಂಡ, ಇಷ್ಟು ಜನರನ್ನು ಔಟ್ ಮಾಡಿದ. ಎರಡು ವಿಮಾನಗಳ ನಡುವೆ ಸಿಕ್ಕ ಐದು ನಿಮಿಷದಲ್ಲಿ ಗ್ಲೌಸು ಹಲ್ಲಿನಲ್ಲಿ ಕಚ್ಚಿ ಎಳೆದು ಆ ಸಾಲು ನೋಡುತ್ತಿದ್ದ. ಒಳ್ಳೆಯ ಸಾಲಾದರೆ ಇಪ್ಪತ್ತೈದು ಕಿಲೋದ ಬ್ಯಾಗು ಹೂವಾಗುತ್ತಿತ್ತು. ಕೆಟ್ಟದಾದರೆ ರೇವಣಸಿದ್ದಪ್ಪ ಹತ್ತಿರ ಬರುತ್ತಿರಲಿಲ್ಲ. ವ್ಯಾಂಕೂವರಿಗೆ ಹೋಗುವ ವಿಮಾನಕ್ಕೆ ಕೊನೆಯ ಬ್ಯಾಗು ಏರಿಸಿ ಅದರ ಬೆನ್ನಿಗೊಮ್ಮೆ ತಟ್ಟುತ್ತಿದ್ದ. "ಬೂದನಿಗೆ ಹೇಳು," ಎನ್ನುತ್ತಿದ್ದ.

"ಹುಚ್ಚು ಹಿಡದೈತಿ ನಿನಗ," ಎನ್ನುತ್ತಿದ್ದ ರೇವಣಸಿದ್ದಪ್ಪ. ಆದರೆ ಫ್ಲಾರಿಡಾದ ವಿಮಾನ ಬಂದಾಗ, "ಏ, ನಿಮ್ಮ ಬೂದಗ ಏನರ ಹೇಳೂದೈತೇನು?" ಎಂದು ಅವನೇ ನೆನಪಿಸುತ್ತಿದ್ದ.

2019ರ ಏಪ್ರಿಲ್ಲಿನಲ್ಲಿ ಬೂದ ನ್ಯೂ ಹ್ಯಾಂಪ್‌ಶೈರಿಗೆ ಏರಿದ. ಮೇ ಎರಡನೇ ವಾರ ಬಫಲೋ ತಂಡದಲ್ಲಿ ಯಾರಿಗೋ ಭುಜ ನೋವಾಗಿ ಇವನನ್ನು ಅಲ್ಲಿಗೆ ಕರೆಸಿಕೊಂಡರು. ಬಫಲೋ ಎಂದರೆ ಕಡೆಯ ಮೆಟ್ಟಿಲು. ಅದರ ಮೇಲೆ ಇರುವುದು ಟೊರಾಂಟೊ, ಐವತ್ತು ಸಾವಿರ ಜನ, ಟೀವಿ. ಮಾಲ್ಟನ್ನಿನಿಂದ ಕಾರಿನಲ್ಲಿ ಎರಡು ಗಂಟೆಯ ದಾರಿ.

"ಹೋಗಿ ನೋಡ್ಕೊಂಡು ಬನ್ರೀ," ಎಂದಳು ಸುಜಾತಾ. "ಮೂರು ವರ್ಷದಿಂದ ಫೋನಲ್ಲಿ ನೋಡ್ತಿದೀರಲ್ಲ."

ಯಾರಾದರೂ ಕುಣಿದುಕೊಂಡು ಹೊರಡುತ್ತಿದ್ದರು. ಅಂಗಾರ ಹೊರಡಲಿಲ್ಲ. ಎಳೆ ಮಿಡಿಗೆ ಬೆರಳು ತೋರಿಸಬಾರದು ಎಂದು ಅವನ ತಾಯಿ ಹೇಳುತ್ತಿದ್ದಳು. ಬೇಲಿಯ ಮೇಲೆ ಸೌತೆ ಮಿಡಿ ಬಿಟ್ಟಾಗ ಮಕ್ಕಳು ಬೆರಳು ತೋರಿಸಿದರೆ ಆ ಬೆರಳಿಗೇ ಏಟು ಬೀಳುತ್ತಿತ್ತು. ತೋರಿಸಿದ ಮಿಡಿ ಕೊಳೆತು ಉದುರುತ್ತದಂತೆ. ಬೂದ ಈಗ ಅಂಥ ಮಿಡಿ. ಇನ್ನೊಂದೇ ಮೆಟ್ಟಿಲು ಇದೆ. ಹತ್ತಿದ ಮೇಲೆ ನೋಡಿದರಾಯಿತು. ಈಗಲೇ ಹೋಗಿ ಕಣ್ಣು ಹಾಕಿದರೆ?

"ನಿಮ್ಮ ಕಣ್ಣು ಅಷ್ಟು ಕೆಟ್ಟದ್ದಾಗಿದ್ರೆ ನಾನು ಯಾವಾಗ್ಲೋ ಕೊಳ್ತು ಹೋಗ್ಬೇಕಿತ್ತು," ಎಂದಳು ಸುಜಾತಾ.

ಮಾತು ನಾಟಿತು, ಆದರೂ ಭಯ ಬಿಡಲಿಲ್ಲ. ಮೇ ತಿಂಗಳಿಡೀ ಹೋಗಲೋ ಬೇಡವೋ ಎಂದು ಹಿತ್ತಲಿಗೂ ಹಜಾರಕ್ಕೂ ಅಲೆದ. ಬೂದ ಬಫಲೋದಲ್ಲಿ ನಾಲ್ಕು ಸಲ ಎಸೆದ. ಎರಡು ಸಲ ಚೆನ್ನಾಗಿ, ಮೂರನೆಯ ಸಲ ಅಷ್ಟಕ್ಕಷ್ಟೇ. ನಾಲ್ಕನೆಯ ಸಲದ ಸಾಲು ನೋಡಿ ಅಂಗಾರ ಫೋನು ಜೇಬಿಗೆ ತುರುಕಿದವನು ಆ ಶಿಫ್ಟಿಡೀ ಮತ್ತೆ ಹೊರಗೆ ತೆಗೆಯಲಿಲ್ಲ. ಆಮೇಲೆ ಹತ್ತು ದಿನ ಆ ಹೆಸರಿನ ಮುಂದೆ ಯಾವ ಸಾಲೂ ಬರಲಿಲ್ಲ.

ಜೂನ್ ಮೂರಕ್ಕೆ ಹೊಸ ಡ್ರಾಫ್ಟು ಶುರುವಾಯಿತು. ಕ್ಯಾಂಟೀನಿನಲ್ಲಿ ಅಂಗಾರ ಹೊಸ ನೋಟ್‌ಬುಕ್ಕಿಗೆ ಗೆರೆ ಹಾಕುತ್ತಿದ್ದಾಗ ರೇವಣಸಿದ್ದಪ್ಪ ಚಹಾ ಹಿಡಿದು ಎದುರಿಗೆ ಬಂದು ಕೂತ. ಅವನಿಗೆ ಆಟ ತಿಳಿಯುತ್ತಿರಲಿಲ್ಲ, ಲೆಕ್ಕ ತಿಳಿಯುತ್ತಿತ್ತು.

"ಹೊಸಾವ್ರು ನಲವತ್ತು ಮಂದಿ ಬಂದ್ರ, ಹಳೇ ನಲವತ್ತು ಮಂದಿನ್ನ ಎಲ್ಲಿ ಇಡ್ತಾರ ಅವ್ರು?"

ಅಂಗಾರನ ಕೈ ಗೆರೆಯ ಮಧ್ಯದಲ್ಲಿ ನಿಂತಿತು.

"ಹೊಸ ನೀರು ಬಂದು ಹಳೇ ನೀರು ಕೊಚ್ಕೊಂಡು ಹೋಗೂದಪಾ," ಎಂದ ರೇವಣಸಿದ್ದಪ್ಪ. ಗೆಳೆಯನ ಮುಖ ಕಂಡ ಮೇಲೆ, "ನಿಮ್ಮ ಬೂದಂದು ಅಂತ ಅನ್ನಲಿಲ್ಲ ನಾ," ಎಂದು ಸೇರಿಸಿದ. ಚಹಾ ಕುಡಿದು ಎದ್ದು ಹೋಗುವಾಗ ತಿರುಗಿ, "ಕಂಬಳದ ಕೋಣ ನೋಡಿ ಬೆಳದಾವ, ಬಫಲೋಕ್ಕ ಹೋಗಾಕ ಇಷ್ಟ್ಯಾಕ ಅಂಜ್ತೀಯೋ? ಹೋಗಿ ಬಾ," ಎಂದ.

ಇಷ್ಟು ವರ್ಷ ಪ್ರತಿ ಜೂನ್‌ನಲ್ಲಿ ಹೊಸ ಹೆಸರುಗಳಿಗಾಗಿ ಬಾಯಿಬಿಟ್ಟುಕೊಂಡು ಕೂತವನಿಗೆ ಆ ಹೆಸರುಗಳು ಯಾರ ಜಾಗಕ್ಕೆ ಬರುತ್ತವೆ ಎಂಬುದು ಹೊಳೆದೇ ಇರಲಿಲ್ಲ. ಹೊಳೆದ ಮೇಲೆ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಅಂದು ಮನೆಗೆ ಬಂದವನೇ ಇಂಚರಾಳನ್ನು ಕೇಳಿದ: "ಬುಧವಾರ ನಿಂಗೆ ರಜೆ ಉಂಟಾ? ಬಫಲೋಗೆ ಹೋಗುವ."

ಬುಧವಾರ, ಡ್ರಾಫ್ಟಿನ ಮೂರನೆಯ ದಿನ. ಪಂದ್ಯ ಇದ್ದದ್ದು ಸಂಜೆ ಏಳಕ್ಕೆ. ಅಪ್ಪ ಮಗಳನ್ನು ಬೆಳಿಗ್ಗೆ ಹತ್ತಕ್ಕೇ ಹೊರಡಿಸಿದ. ಅವಳೇ ಕಾರು ಓಡಿಸಿದಳು. ಅಂಗಾರನ ಕೈಯಲ್ಲಿ ಸ್ಟೀರಿಂಗು ಕೊಡುವ ಸ್ಥಿತಿ ಇರಲಿಲ್ಲ. ನದಿಯ ಸೇತುವೆ ದಾಟಿ ಅಮೆರಿಕದ ಗಡಿಯಲ್ಲಿ ನಿಂತಾಗ ಅಧಿಕಾರಿ, ಯಾಕೆ ಬಂದಿರಿ ಎಂದು ಕೇಳಿದ. "ಟು ಸೀ ಒನ್ ಬಾಯ್," ಎಂದ ಅಂಗಾರ. ಸಂಬಂಧಿಕನೇ ಎಂದು ಕೇಳಿದ ಅಧಿಕಾರಿ. ಅಂಗಾರ ಇದಕ್ಕೆ ಉತ್ತರ ಯೋಚಿಸತೊಡಗಿದಾಗ ಇಂಚರಾ ನಡುವೆ ಬಾಯಿ ಹಾಕಿ, ಬೇಸ್‌ಬಾಲ್ ಪಂದ್ಯ ನೋಡಲು ಬಂದಿದ್ದೇವೆ ಎಂದು ಹೇಳಿ ಪಾರುಮಾಡಿದಳು.

ಸ್ಟೇಡಿಯಮ್ಮಿನ ಹಿಂದಿನ ಪಾರ್ಕಿಂಗು ಖಾಲಿಯಾಗಿತ್ತು. ಆಟಗಾರರ ಬಾಗಿಲ ಹತ್ತಿರ ಮಾತ್ರ ಹತ್ತಿಪ್ಪತ್ತು ಗಾಡಿಗಳು ಒತ್ತೊತ್ತಾಗಿ ನಿಂತಿದ್ದವು. ಇಂಚರಾ ಫೋನಿನಲ್ಲಿ ಡ್ರಾಫ್ಟು ಹಚ್ಚಿದಳು. ಹೆಸರುಗಳು ಹರಿಯತೊಡಗಿದವು. ಅಂಗಾರ ನೋಟ್‌ಬುಕ್ಕು ತೆರೆಯಲಿಲ್ಲ. ಬಾಗಿಲವರೆಗೆ ನಡೆದ, ವಾಪಸು ಬಂದ, ಮತ್ತೆ ನಡೆದ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಒಮ್ಮೆ ಎಸೆಯುವುದನ್ನು ನೋಡಿದರೆ ಸಾಕಿತ್ತು, ಒಂದೇ ಒಂದು ಚೆಂಡು. ಯಾಕೆ ಮೇ ತಿಂಗಳಲ್ಲೇ ಬರಲಿಲ್ಲ? ಯಾವ ಮಿಡಿ, ಯಾವ ಬೆರಳು! ತನ್ನ ಹಣೆಗೆ ತಾನೇ ಹೊಡೆದುಕೊಂಡ.

ಎರಡು ಗಂಟೆ ದಾಟಿರಬೇಕು. ಬಾಗಿಲು ತೆರೆಯಿತು. ಉದ್ದನೆಯ ಒಬ್ಬ ಹುಡುಗ ಹೊರಗೆ ಬಂದ. ಎಡಗೈಯಲ್ಲಿ ದೊಡ್ಡ ಚೀಲ, ಬಲಗೈಯಲ್ಲಿ ಇನ್ನೊಂದು ಚೀಲ, ಕಂಕುಳಲ್ಲಿ ತಲೆದಿಂಬು. ತಲೆದಿಂಬು ಹಿಡಿದು ಯಾರೂ ಪಂದ್ಯಕ್ಕೆ ಬರುವುದಿಲ್ಲ, ಪಂದ್ಯದಿಂದ ಹೋಗುವವರು ಹಿಡಿಯುತ್ತಾರೆ. ಫೋನಿನಲ್ಲಿ ಮೂರು ವರ್ಷ ನೋಡಿದ ಮುಖ ಅಂಗಾರನಿಗೆ ತಕ್ಷಣ ಸಿಕ್ಕಿತು.

ಹುಡುಗ ಹಳೆಯ ಪಿಕಪ್ಪಿನ ಹತ್ತಿರ ಚೀಲ ಇಳಿಸಿ, ಬೀಗದ ಕೈ ಹುಡುಕುತ್ತಾ ಜೇಬು ತಡವಿದ. ಅಷ್ಟರಲ್ಲಿ ಅಂಗಾರ ಅಲ್ಲಿಗೆ ಹೋಗಿ ಆಗಿತ್ತು. ಏನು ಹೇಳುವುದೆಂದು ತಿಳಿಯಲಿಲ್ಲ. ಬ್ಯಾಗು ಕಂಡರೆ ಏನು ಮಾಡಬೇಕೆಂದು ಮಾತ್ರ ಅವನಿಗೆ ತಿಳಿದಿತ್ತು. ಬಗ್ಗಿ ದೊಡ್ಡ ಚೀಲ ಎತ್ತಿದ.

ಭಾರ ಇದೆ ಸರ್, ಬಿಡಿ ಎಂದು ಹುಡುಗ ಗಾಬರಿಯಿಂದ ಕೈಚಾಚಿದ.

"ಟ್ವೆಂಟಿ ಸಿಕ್ಸ್ ಕಿಲೋ," ಎಂದ ಅಂಗಾರ. ಅವನ ಕೈಯೇ ತಕ್ಕಡಿ. ಚೀಲವನ್ನು ಪಿಕಪ್ಪಿನ ಹಿಂದೆ, ಮೂಲೆಗೆ ಒತ್ತಿ, ದಾರಿಯಲ್ಲಿ ಜಾರದಂತೆ ಇಟ್ಟ. "ಐ ಆಮ್ ಏರ್‌ಪೋರ್ಟ್."

ಅಷ್ಟರಲ್ಲಿ ಇಂಚರಾ ಓಡಿಬಂದಳು. ಅಪ್ಪನ ಇಂಗ್ಲಿಷು ಸಾಲದಾದಲ್ಲಿ ಅವಳು ಕೈಜೋಡಿಸಿದಳು. ಹ್ಯಾರಿಗನ್ ಹೇಳಿದ್ದು ಇಷ್ಟು: ಒಂದು ಗಂಟೆಗೆ ಆಫೀಸಿಗೆ ಕರೆದರು, ಥ್ಯಾಂಕ್ಸ್ ಹೇಳಿದರು, ಕೈಕುಲುಕಿದರು. ಒಳ್ಳೆಯ ಜನ. ಏನು ಮಾಡುತ್ತಾರೆ, ಈ ವಾರ ತೆಗೆದುಕೊಂಡವರಿಗೆ ಜಾಗ ಬೇಕಲ್ಲ. ಅವನು ಇದನ್ನು ಹೇಳುವ ಹೊತ್ತಿಗೆ ಇಂಚರಾಳ ಕೈಯಲ್ಲಿದ್ದ ಫೋನು ಇಪ್ಪತ್ತೊಂಬತ್ತನೇ ಸುತ್ತಿನ ಹೆಸರುಗಳನ್ನು ಓದುತ್ತಲೇ ಇತ್ತು. ಅವಳು ನಾಚಿಕೆಯಿಂದ ಆರಿಸಲು ಹೋದಳು.

ಹುಡುಗ ಬೇಡವೆಂದು ತಡೆದ. ತನ್ನ ಹೆಸರು ಬಂದ ದಿನ ತಾನೂ ಅಪ್ಪನೂ ಹೊಲದಲ್ಲಿ ಲಾರಿಯೊಳಗೆ ಕೂತು ಹೀಗೇ ಕೇಳಿದ್ದೆವು ಎಂದ. ಇಡೀ ಪ್ರಪಂಚದಲ್ಲಿ ಅದನ್ನು ಕೇಳಿಸಿಕೊಂಡವರು ತಾವಿಬ್ಬರೇ ಎಂದು ಅಪ್ಪ ತಮಾಷೆ ಮಾಡಿದ್ದರಂತೆ.

ಅಂಗಾರ ಮೂರು ಬೆರಳು ಎತ್ತಿ ತೋರಿಸಿದ. "ತ್ರೀ," ಎಂದ.

ಹುಡುಗನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅಂಗಾರ ಹಳೆಯ ನೋಟ್‌ಬುಕ್ಕು ತೆಗೆದು, ಗೆರೆ ಸುತ್ತಿದ ಹೆಸರು ತೋರಿಸಿದ. ಅದರ ಕೆಳಗೆ ಮೂರು ವರ್ಷಗಳ ಅಂಕಿಗಳ ಸಾಲು, ಪುಟದ ನಂತರ ಪುಟ. ಹ್ಯಾರಿಗನ್ ಪುಟ ತಿರುಗಿಸುತ್ತಾ ಹೋದ. ನಾನು ಎಸೆಯುವುದನ್ನು ನೋಡಿದ್ದೀರಾ ಎಂದು ಕೇಳಿದ.

"ನೋ. ಟುಡೇ ಐ ಕೇಮ್ ಟು ಸೀ," ಎಂದ ಅಂಗಾರ. "ಲೇಟ್."

ಆಮೇಲೆ ಆ ಹುಡುಗ ತನ್ನ ಹೆಸರಿನ ಪಕ್ಕದ ಕನ್ನಡದ ಅಕ್ಷರಗಳ ಮೇಲೆ ಬೆರಳಿಟ್ಟು, ಇದೇನು ಎಂದ. ಇಂಚರಾ ವಿವರಿಸಿದಳು: ನಮ್ಮಲ್ಲಿ ಹುಟ್ಟಿದ ವಾರವೇ ಹೆಸರು, ನೀನು ಬುಧವಾರದವನು, ಆದ್ದರಿಂದ ಬೂದ. ಹ್ಯಾರಿಗನ್ ಅಂದು ಮೊದಲ ಸಲ ನಕ್ಕಿರಬೇಕು. ಆಸ್ಪತ್ರೆಯ ಕಾಗದದಲ್ಲಿ ಬುಧವಾರವೇ ಇದೆ ಎಂದ. ಆದರೆ ಅಮ್ಮನನ್ನು ಕೇಳಿದರೆ ಒಪ್ಪುವುದಿಲ್ಲ. ಮಂಗಳವಾರವಿಡೀ ಹೆರಿಗೆ ನೋವು, ಹೊರಗೆ ಮೊಣಕಾಲುದ್ದ ಹಿಮ, ಅಪ್ಪ ಹಿಮ ಸರಿಸುವ ಲಾರಿಯಲ್ಲಿ ಅಮ್ಮನನ್ನು ಕೂರಿಸಿಕೊಂಡು ಹೊರಟರು. ತಾನು ಹುಟ್ಟಿದ್ದು ಆ ಲಾರಿಯಲ್ಲೇ, ಬೆಳಗಿನ ಜಾವ ನಾಲ್ಕಕ್ಕೆ.

ಅಂಗಾರ ಅವನ ತೋಳು ಹಿಡಿದ. "ಫೋರ್ ಒ ಕ್ಲಾಕ್? ಸನ್ ಕೇಮ್?"

ಸೂರ್ಯನೇ? ಕತ್ತಲೆ ಸರ್, ಪೂರ್ತಿ ಕತ್ತಲೆ.

"ಅಪ್ಪಾ," ಎಂದಳು ಇಂಚರಾ. ಅವಳ ದನಿ ಬದಲಾಗಿತ್ತು. ಫೋನಿಗೆ ಮಧ್ಯರಾತ್ರಿ ಹನ್ನೆರಡಕ್ಕೆ ವಾರ ತಿರುಗುತ್ತದೆ. ಅಂದು ಅಡುಗೆಮನೆಯಲ್ಲಿ ಅವಳೂ ಅದನ್ನು ಯೋಚಿಸಿರಲಿಲ್ಲ, ಹುಟ್ಟಿದಂದಿನಿಂದ ತಾಯಿಯ ಹಟದ ಕಥೆ ಕೇಳಿ ಬೆಳೆದ ಅಂಗಾರನೂ ಯೋಚಿಸಿರಲಿಲ್ಲ. "ಅಪ್ಪಾ, ಕೋಳಿ ಕೂಗಿರ್ಲಿಲ್ಲ." ಕನ್ನಡದಲ್ಲೇ ಹೇಳಿದಳು. ಈ ಮಾತನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ಆಮೇಲೆ, ನಮ್ಮಲ್ಲಿ ಬೆಳಕು ಹರಿಯುವವರೆಗೆ ಹಿಂದಿನ ದಿನದ್ದೇ ಲೆಕ್ಕ ಎಂದು ಹುಡುಗನಿಗೆ ಬಿಡಿಸಿ ಹೇಳಿದಳು. ಹಾಗಾದರೆ ನಾನು ಯಾರು ಎಂದು ಕೇಳಿದ ಹ್ಯಾರಿಗನ್.

ಇಂಚರಾ ಅಪ್ಪನ ಕಡೆ ಕೈತೋರಿಸಿದಳು. ಇವರ ಹೆಸರೇ ನಿನ್ನ ಹೆಸರು, ಮಂಗಳವಾರದವನು, ಅಂಗಾರ ಎಂದಳು.

ಆ ಹುಡುಗ ಅದನ್ನು ಎರಡು ಸಲ ಬಾಯಿಗೆ ತಂದುಕೊಂಡ. ನಂತರ ಎಡಗೈ ಮುಂದೆ ಚಾಚಿದ. ಐದು ಊರುಗಳ ಅಂಗಳದಲ್ಲಿ ಎಸೆದ ಕೈ ಅದು. ಅಂಗಾರ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡ. ಮೂರು ವರ್ಷ ಯಾರನ್ನು ಕಾದನೋ ಅವನೇ ಮೊದಲಿನಿಂದ ಇದ್ದ. ಇದ್ದಾನೆಂದು ತಿಳಿದ ದಿನವೇ ಹೊರಟಿದ್ದಾನೆ. ಇದಕ್ಕೆ ಅಳಬೇಕೋ ನಗಬೇಕೋ ಅಂಗಾರನಿಗೆ ಗೊತ್ತಾಗಲಿಲ್ಲ. ಎರಡೂ ಆಯಿತು.

ಪಿಕಪ್ಪು ಎರಡು ವ್ಯಾನುಗಳ ನಡುವೆ ಸಿಕ್ಕಿಕೊಂಡಂತೆ ನಿಂತಿತ್ತು, ಹಿಂದೆ ತೆಗೆಯಲು ಎರಡೂ ಕಡೆ ಗೇಣು ಜಾಗವಿಲ್ಲ. ಅಂಗಾರ ಅದರ ಹಿಂದೆ ಹೋಗಿ, ಡ್ರೈವರನ ಕನ್ನಡಿಗೆ ಕಾಣುವಂತೆ ನಿಂತು, ಎರಡು ಕೈ ಮೇಲೆತ್ತಿದ. ಕಿತ್ತಳೆ ಕೋಲು ಇರಲಿಲ್ಲ, ಬರೀ ಕೈ. ಬಾ, ಬಾ, ಸ್ವಲ್ಪ ಎಡಕ್ಕೆ, ನಿಧಾನ, ನೆಟ್ಟಗೆ ಬಾ. ಪಿಕಪ್ಪು ಒಂದು ಗೀರೂ ಬೀಳದೆ ಹೊರಗೆ ಬಂತು. ಅಂಗಾರ ಪಕ್ಕಕ್ಕೆ ಸರಿದು, ವಿಮಾನ ಹೊರಡುವಾಗ ಪೈಲಟ್ಟಿಗೆ ಕೊಡುವ ಹಾಗೆ, ಹಣೆಗೆ ಕೈಹಚ್ಚಿ ಸೆಲ್ಯೂಟು ಕೊಟ್ಟ. ಸಾವಿರಾರು ವಿಮಾನಗಳನ್ನು ಹಾಗೆ ಕಳಿಸಿದ್ದ, ಒಂದೂ ನೆನಪಿರಲಿಲ್ಲ. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಕೈ ಇಳಿಸಲಿಲ್ಲ.

ಸಂಜೆಯ ಪಂದ್ಯಕ್ಕೆ ನಿಲ್ಲಲಿಲ್ಲ. ವಾಪಸು ಬರುವಾಗ ಫೋನು ಮೂವತ್ತಾರನೇ ಸುತ್ತಿಗೆ ಬಂದಿತ್ತು. ಜೇಸ್ ತಂಡ ಒಬ್ಬನ ಹೆಸರು ಕರೆಯಿತು. ಎಲ್ಲಿಯವನೋ ಏನೋ, ಅವನ ಅಪ್ಪನಾದರೂ ಕೇಳಿಸಿಕೊಂಡಿರಬೇಕು.

"ಬರ್ಕೋಬೇಕಾ ಅಪ್ಪಾ?" ಎಂದಳು ಇಂಚರಾ, ರಸ್ತೆಯಿಂದ ಕಣ್ಣು ತೆಗೆಯದೆ.

"ಬರೀತೇನೆ," ಎಂದ ಅಂಗಾರ. "ವಾರ ಹಾಕುವುದು ಬೇಡ. ಹುಟ್ಟಿದ್ದು ಎಷ್ಟು ಗಂಟೆಗೆ ಅಂತ ಯಾರನ್ನಾದ್ರೂ ಕೇಳ್ಬೇಕು ಮೊದಲು."

ಅದಕ್ಕೂ ಮೊದಲು ಅವನಿಗೆ ಒಂದು ಕೆಲಸವಿತ್ತು. ಹಳೆಯ ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು 'ಬೂದ' ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ತನ್ನ ಹೆಸರು ಬರೆದ. ಅದರ ಮುಂದೆ: ಮೂವತ್ತಾರನೇ ಸುತ್ತು, ಬಫಲೋ ತನಕ.